ಲಾಟ್ವಿಯಾಕ್ಕೆ ಹೋದ ತೋಟದ ಮನೆ ದೆವ್ವ

ನುಗ್ಗೇಹಳ್ಳಿ ಕಡೆಯ ತೋಟ

ನಮ್ಮ ಹೊಳೆನರಸೀಪುರದಿಂದ ಪರದೇಶಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ. ಓದಲು ಹೋದವರು, ದುಡಿಯಲು ಹೋದವರು, ಮೊಮ್ಮಕ್ಕಳನ್ನು ಆಡಿಸಲು ಹೋದವರು. ದೆವ್ವವಾಗಿ ಹೋದವಳು ಮಾತ್ರ ನಾನೊಬ್ಬಳೇ ಇರಬೇಕು. ಹೊರಡುವ ಮುಂಚೆ ಬೀದಿಯವರಿಗೆಲ್ಲ ನಾನೇ ಹೀಗೆ ಹೇಳಿಕೊಂಡು ನಕ್ಕಿದ್ದೆ. ಬಂದ ಮೇಲೆ ನಗಲಿಲ್ಲ.

ನನ್ನ ಹೆಸರು ಗೌತಮಿ. ನರ್ಸಾಗಿದ್ದೆ. ಹೆಚ್ಚಿನ ಕಾಲ ಅರಕಲಗೂಡು ಸೀಮೆಯಲ್ಲೇ ಕೆಲಸ ಮಾಡಿ ನಿವೃತ್ತಳಾದೆ. ನರ್ಸಿಂಗ್ ಓದುವಾಗ ಅಂಟಿದ ನಾಟಕದ ಗೀಳು ಕೊನೆಯವರೆಗೂ ಬಿಡಲಿಲ್ಲ. ಹಾಸನದ ಒಂದು ಹವ್ಯಾಸಿ ತಂಡದಲ್ಲಿ ಅತ್ತೆ, ಅಜ್ಜಿ, ರಾಣಿ, ಮುದುಕಿ ಎಲ್ಲ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲೇ ಮಾತು ಬಾಯಿಪಾಠ ಮಾಡಿಕೊಂಡು ಹೋಗಿ ಸಂಜೆ ಬಣ್ಣ ಹಚ್ಚಿಕೊಂಡ ದಿನಗಳು ಎಷ್ಟೋ.

ಅಂಥ ಒಂದು ನಾಟಕ ನೋಡಿ ಪ್ರದೀಪ ನನ್ನನ್ನು ಹುಡುಕಿಕೊಂಡು ಬಂದ. ಚನ್ನರಾಯಪಟ್ಟಣದವನು. ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದ. ಸಿನಿಮಾ ಮಾಡಬೇಕೆಂಬ ಆಸೆ ಇತ್ತು. ಅದಕ್ಕೆ ಬೇಕಾದದ್ದು ಬೇರೇನೂ ಇರಲಿಲ್ಲ. ನುಗ್ಗೇಹಳ್ಳಿ ಕಡೆ ಅವರ ಮನೆತನದ ತೆಂಗಿನ ತೋಟದೊಳಗೆ ಒಂದು ಹಳೆಯ ಮನೆ ಮಾತ್ರ ಇತ್ತು.

"ಒಂದ್ ಅಜ್ಜಿ ದೆವ್ವ ಬೇಕು ಸಿಸ್ಟ್ರೇ. ಡೈಲಾಗ್ ಇಲ್ಲ. ನೀವ್ ಸುಮ್ನೆ ಬಂದು ನಿಂತ್ಕಂಡ್ರೆ ಸಾಕು, ಜನ ಹೆದರ್ಕಬೇಕು" ಅಂದ.

"ಸುಮ್ನೆ ನಿಂತ್ರೆ ಯಾರೂ ಹೆದರ್ಕಳಲ್ಲ ಕಣಪ್ಪ" ಅಂದೆ. ಆದರೂ ಒಪ್ಪಿಕೊಂಡೆ.

ಕಥೆ ನಿಮಗೆ ಗೊತ್ತಿರುವಂಥದ್ದೇ. ಮೂವರು ಸ್ನೇಹಿತರ ಕಾರು ಕೆಡುತ್ತದೆ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ತೋಟದ ನಡುವೆ ಒಂಟಿ ಮನೆ, ಅದರ ಒಂದು ಕೋಣೆಗೆ ಬೀಗ. ಇಂಥ ಸಿನಿಮಾಗಳು ಯಾಕೆ ಯಾವಾಗಲೂ ಒಂಟಿ ಜಾಗದಲ್ಲೇ ನಡೆಯುತ್ತವೆಂದು ನನಗೆ ಅಲ್ಲಿ ತಿಳಿಯಿತು. ಒಂಟಿ ಜಾಗಕ್ಕೆ ಸೆಟ್ ಬೇಡ, ಜನ ಬೇಡ, ಯಾರ ಅಪ್ಪಣೆಯೂ ಬೇಡ. ಹಸಿ ತೆಂಗಿನ ಮಟ್ಟೆಗೆ ಬೆಂಕಿ ಇಟ್ಟು ಮಂಜು ಮಾಡಿದರು. ಟ್ರಾಕ್ಟರಿನ ದೀಪ ಬೆಳದಿಂಗಳಾಯಿತು. ರಕ್ತಕ್ಕೆ ಬೆಲ್ಲದ ಪಾಕ, ಕುಂಕುಮ. ಇರುವೆ ಮುತ್ತಿಕೊಂಡು ನನ್ನ ಕುತ್ತಿಗೆಯೆಲ್ಲ ದದ್ದು ಎದ್ದಿತ್ತು.

ನಿಂತರೆ ಸಾಲದೆಂದು ನಾನು ಉಸಿರು ತಂದೆ. ಆ ಉಸಿರು ನನ್ನದಲ್ಲ. ಅರಕಲಗೂಡಿನ ಹಳ್ಳಿಯೊಂದರ ಹೆಂಗಸಿನದು. ತಂಬಾಕು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಒಟ್ಟಿ ಒಟ್ಟಿ, ಹೊಗೆ ಕುಡಿದು, ಅವಳ ಶ್ವಾಸಕೋಶವೇ ಸವೆದುಹೋಗಿತ್ತು. ಕೊನೆಯ ದಿನ ಇಡೀ ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಒಳಗೆ ಎಳೆದುಕೊಳ್ಳುವಾಗ ಸಣ್ಣ ಸಿಳ್ಳೆ, ಆಮೇಲೆ ಏನೂ ಇಲ್ಲ. ಮುಗಿಯಿತು ಅನ್ನುವಾಗ ಮತ್ತೆ ಸಿಳ್ಳೆ. ಅಷ್ಟು ಹೊತ್ತು ಅದನ್ನು ಕೇಳಿದ ಕಿವಿ ಮರೆಯುವುದಿಲ್ಲ. ಕ್ಯಾಮರಾ ಮುಂದೆ ಅದೇ ಉಸಿರು ಆಡಿದಾಗ ದೀಪ ಹಿಡಿದವನು ಎರಡು ಹೆಜ್ಜೆ ಹಿಂದೆ ಸರಿದ.

"ಸಿಸ್ಟ್ರೇ, ಎಲ್ಲಿ ಕಲ್ತ್ರಿ ಇದ್ನ?" ಅಂತ ಪ್ರದೀಪ ಕೇಳಲಿಲ್ಲ. "ಓಕೆ, ಇನ್ನೊಂದ್ ಸಲ" ಅಂದ. ಕೇಳಿದ್ದರೆ ಹೇಳುತ್ತಿದ್ದೆ.

ಫ್ರಾಂಕ್‌ಫರ್ಟ್

ಸಿನಿಮಾ ನಮ್ಮ ಕಡೆ ಎಲ್ಲೂ ಬಿಡುಗಡೆ ಆಗಲಿಲ್ಲ. ಯಾವುದೋ ದಾರಿಯಲ್ಲಿ ಅದು ಲಾಟ್ವಿಯಾ ಎಂಬ ದೇಶದ ಒಂದು ಸಣ್ಣ ಊರಿಗೆ ತಲುಪಿತು. ಅಲ್ಲಿ ಪ್ರತಿ ಬೇಸಿಗೆಯಲ್ಲಿ ಇಂಥವೇ ಸಿನಿಮಾಗಳ ಉತ್ಸವ ಮಾಡುತ್ತಾರಂತೆ. ಕೈಯಲ್ಲಿ ಕಾಸಿಲ್ಲದವರು ಮಾಡಿದ, ಒಂಟಿ ಜಾಗದ ದೆವ್ವದ ಸಿನಿಮಾಗಳು. ನಿರ್ದೇಶಕನ ಜೊತೆ ದೆವ್ವವೂ ಬರಬೇಕೆಂದು ಅವರೇ ಕರೆದರಂತೆ.

"ನಿಮ್ಮನ್ನೇ ಕೇಳವ್ರೆ ಸಿಸ್ಟ್ರೇ. ಹೀರೋನ ಕೇಳ್ಲಿಲ್ಲ, ಹೀರೋಯಿನ್ನ ಕೇಳ್ಲಿಲ್ಲ" ಅಂದಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಬಣ್ಣ ಹಚ್ಚಿದ್ದಕ್ಕೆ ಯಾರೋ ದೂರದವರಾದರೂ ಕರೆದರಲ್ಲ ಅನ್ನಿಸಿತು.

ಪಾತ್ರದ ಬಿಳಿ ಸೀರೆ ಮತ್ತು ಚೌರಿಯನ್ನು ಕೈಚೀಲದಲ್ಲೇ ತರಲು ಪ್ರದೀಪ ಹೇಳಿದ್ದ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವಾಗ ತಪಾಸಣೆಯ ಹೆಂಗಸು ನನ್ನ ಚೀಲದೊಳಗೆ ಕೈ ಹಾಕಿ, ಮೊಣಕಾಲುದ್ದದ ನರೆತ ಕೂದಲನ್ನು ಎಳೆದಳು. ಎಳೆದಷ್ಟೂ ಬಂತು. ಅವಳ ಮುಖ ನೋಡಿ ಹಿಂದೆ ನಿಂತವರು ದಾರಿ ಬಿಟ್ಟರು. ಆಮೇಲೆ ಕುಂಕುಮ ಒಣಗಿ ಅಂಟಿಕೊಂಡಿದ್ದ ಸೀರೆ ಹೊರಗೆ ಬಂತು.

ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಪ್ರದೀಪ ನಡುವೆ ಬಂದು ಇಂಗ್ಲಿಷಿನಲ್ಲಿ, "ಇವರಿಗೆ ಇಂಗ್ಲಿಷ್ ಬರುವುದಿಲ್ಲ, ಹಳ್ಳಿಯವರು, ನಾನು ಹೇಳುತ್ತೇನೆ" ಅಂದ.

"ನಂಗೆ ಬತ್ತದಲ್ಲಪ್ಪ" ಅಂದೆ.

"ಬೇಗ ಮುಗೀಲಿ ಅಂತ ಅಂದೆ ಸಿಸ್ಟ್ರೇ. ನೀವ್ ಸುಮ್ನಿರಿ, ನಾನ್ ನೋಡ್ಕತೀನಿ."

ಮೂವತ್ತು ವರ್ಷ ಡಾಕ್ಟರುಗಳ ಇಂಗ್ಲಿಷನ್ನು ರೋಗಿಗಳಿಗೆ ಕನ್ನಡ ಮಾಡಿ ಹೇಳಿದವಳು ನಾನು. ಆದರೂ ಪಾಪ, ಅವನಿಗೂ ಗಾಬರಿಯಾಗಿತ್ತೆಂದು ಸುಮ್ಮನಾದೆ.

ವೆಲ್ಟಾಳ ಮನೆ

ರೀಗಾದಿಂದ ಬಸ್ಸು. ಕಿಟಕಿಯಾಚೆ ಮುಗಿಯದ ಪೈನ್ ಕಾಡು. ನಡುನಡುವೆ ಆಲೂಗಡ್ಡೆ ಹೊಲ ಕಂಡರೆ ಶಾಂತಿಗ್ರಾಮ ದಾಟಿ ಹಾಸನದ ಕಡೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ವಿದ್ಯುತ್ ಕಂಬಗಳ ತುದಿಯಲ್ಲಿ ಕೊಕ್ಕರೆಗಳು ಗೂಡು ಕಟ್ಟಿದ್ದವು. ಬಸ್ಸಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಪಕ್ಕದ ಹೆಂಗಸನ್ನು ನೋಡಿ ನಕ್ಕೆ. ಅವಳು ತನ್ನ ಚೀಲ ಹತ್ತಿರಕ್ಕೆ ಎಳೆದುಕೊಂಡಳು. ನಮ್ಮಲ್ಲಾದರೆ ಚನ್ನರಾಯಪಟ್ಟಣ ಬರುವಷ್ಟರಲ್ಲಿ ಇಬ್ಬರ ಮಕ್ಕಳ ಮದುವೆ ವಿಚಾರವೂ ಮುಗಿದಿರುತ್ತಿತ್ತು.

ಊರಿನವರು ಅತಿಥಿಗಳನ್ನು ಮನೆಮನೆಗೆ ಹಂಚಿಕೊಂಡಿದ್ದರು. ನಾನು ವೆಲ್ಟಾ ಎಂಬ ವಿಧವೆಯ ಪಾಲಿಗೆ ಬಂದೆ. ಪ್ರದೀಪನಿಗೆ ಬೇರೆ ಮನೆ. ವೆಲ್ಟಾ ನನ್ನದೇ ವಯಸ್ಸಿನವಳು, ಎತ್ತರದ ಹೆಂಗಸು. ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳಂತೆ. ಒಂದೊಂದು ಪದವನ್ನೂ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳುತ್ತಿದ್ದಳು. ಮೊದಲು ನನಗಾಗಿ ಹಾಗೆ ಮಾಡುತ್ತಾಳೆಂದುಕೊಂಡೆ. ಅವಳ ಮಾತೇ ಹಾಗೆ.

ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಎಂದು ಅವಳು ಸಂಕೋಚದಿಂದ ಹೇಳುವ ಮೊದಲೇ ನಾನು ಬಿಟ್ಟಾಗಿತ್ತು. ಅಲ್ಲಿಂದ ನಾವು ಸ್ನೇಹಿತರಾದೆವು. ಊಟಕ್ಕೆ ಗುಲಾಬಿ ಬಣ್ಣದ ತಣ್ಣನೆಯ ಸಾರು ಕೊಟ್ಟಳು. ನೋಡಿದರೆ ನಮ್ಮ ಸಿನಿಮಾದ ರಕ್ತಕ್ಕೆ ನೀರು ಬೆರೆಸಿದ ಹಾಗಿತ್ತು. ಬಾಯಿಗಿಟ್ಟರೆ ಹುಳಿ ಮಜ್ಜಿಗೆ, ಬೀಟ್‌ರೂಟು, ಮೇಲೆ ಸಬ್ಬಸಿಗೆ ಸೊಪ್ಪು. ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ, ಅದರ ಮೇಲೂ ಸಬ್ಬಸಿಗೆ. ಆ ದೇಶದಲ್ಲಿ ಸಬ್ಬಸಿಗೆ ಇಲ್ಲದ ಅಡುಗೆ ಇಲ್ಲ. ನನಗೆ ತೊಂದರೆಯೇ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳ ತೋಟದ ಬೇಲಿ ಪಕ್ಕ ಬೆಳೆದಿದ್ದ ಹೂವು ಕಿತ್ತು, ಆರು ಹೂವಿನ ಗೊಂಚಲು ಮಾಡಿ ಅವಳಿಗೇ ಕೊಟ್ಟೆ. ಅವಳು ತೆಗೆದುಕೊಂಡಳು, ಎಣಿಸಿದಳು, ಒಂದನ್ನು ಬೇರ್ಪಡಿಸಿ ಕಿಟಕಿಯಲ್ಲಿಟ್ಟಳು. "ಬದುಕಿರುವವರಿಗೆ ಬೆಸ ಸಂಖ್ಯೆ, ಸತ್ತವರಿಗೆ ಸಮ" ಅಂದಳು. ನಾನು ಕ್ಷಮೆ ಕೇಳಿದೆ.

"ಇರಲಿ. ನಾನೂ ಮಧ್ಯಾಹ್ನ ಅಲ್ಲಿಗೇ ಹೊರಟಿದ್ದೇನೆ, ನೀನೂ ಬಾ" ಅಂದಳು.

ಪೈನ್ ಮರಗಳ ಸ್ಮಶಾನ

ಅಲ್ಲಿಗೆ ಅಂದರೆ ಸ್ಮಶಾನಕ್ಕೆ. ನಮ್ಮ ಕಡೆ ಸ್ಮಶಾನ ಅಂದರೆ ಲಂಟಾನ, ಒಡೆದ ಮಡಕೆ, ದನ. ಅದೂ ಒಂದೊಂದು ಜಾತಿಗೆ ಒಂದೊಂದು ಮೂಲೆ. ಇಲ್ಲಿ ಕಾಡಿನೊಳಗೆ ಗುಡಿಸಿದ ಅಂಗಳದ ಹಾಗೆ ಇತ್ತು. ಒಂದೊಂದು ಸಮಾಧಿಯ ಮುಂದೂ ಒಂದು ಬೆಂಚು, ಸುತ್ತ ಮರಳು. ಆ ಮರಳಿನ ಮೇಲೆ ಕುಂಟೆಯಂಥ ಸಲಕರಣೆ ಎಳೆದು ಗೆರೆ ಮೂಡಿಸಿದ್ದರು. ನಮ್ಮ ಹೊಲದ ಸಾಲಿನ ಹಾಗೆ, ಆದರೆ ಬಿತ್ತುವುದೇನೂ ಇಲ್ಲ. ವೆಲ್ಟಾಳೂ ಗಂಡನ ಸಮಾಧಿಯ ಮುಂದೆ ಗೆರೆ ಎಳೆದಳು. ಹಿಂದಕ್ಕೆ ನಡೆಯುತ್ತ ಎಳೆಯಬೇಕು, ಇಲ್ಲದಿದ್ದರೆ ನಮ್ಮ ಹೆಜ್ಜೆ ಉಳಿಯುತ್ತದೆ.

ಆಮೇಲೆ ಬೆಂಚಿನ ಮೇಲೆ ಕೂತೆವು. ಅವಳ ಗಂಡ ಯಾನಿಸ್, ಶರತ್ಕಾಲದಲ್ಲಿ ಅಣಬೆ ಆರಿಸಲು ಕಾಡಿಗೆ ಹೋದವನು ಮನೆಗೆ ಬರಲಿಲ್ಲ. ಹುಡುಕಿದವರಿಗೆ ಒಂದು ಮರದ ಬುಡದಲ್ಲಿ ಕೂತ ಹಾಗೇ ಸಿಕ್ಕಿದನಂತೆ. ಬುಟ್ಟಿ ಪಕ್ಕದಲ್ಲೇ ಇತ್ತಂತೆ.

ಅವಳು ನನ್ನ ಕಡೆ ತಿರುಗಿದಳು. "ನಿನಗೆ ಇಲ್ಲಿ ಏನಾದರೂ ಅನ್ನಿಸುತ್ತಿದೆಯಾ?"

"ಬಹಳ ಶಾಂತವಾಗಿದೆ" ಅಂದೆ.

"ಅದಲ್ಲ. ಅವನು. ಕೊನೆಗೆ ನನ್ನನ್ನು ಕರೆದನಾ ಅಂತ ಗೊತ್ತಾಗಬೇಕು. ನಿನ್ನ ಮೇಲೆ ಅದು ಬಂದಾಗ ಕೇಳಲು ಆಗುತ್ತದಾ? ಬರುವಾಗ ನೋವಾಗುತ್ತದಾ?"

ನನಗೆ ಅವಳ ಇಂಗ್ಲಿಷ್ ಅರ್ಥವಾಯಿತು, ಮಾತು ಅರ್ಥವಾಗಲಿಲ್ಲ. ಕೇಳಿ ಕೇಳಿ ತಿಳಿದುಕೊಂಡದ್ದು ಇಷ್ಟು. ಪ್ರದೀಪ ಉತ್ಸವದವರಿಗೆ ಒಂದು ಕಥೆ ಹೇಳಿದ್ದ. ನಾನು ನಟಿಯಲ್ಲ, ಅವರ ತೋಟದ ಪಕ್ಕದ ಹಟ್ಟಿಯಲ್ಲಿರುವ ಓದುಬರಹ ಇಲ್ಲದ ಹೆಂಗಸು. ಚಿತ್ರೀಕರಣ ನೋಡಲು ಬಂದಿದ್ದಾಗ ಆ ಮನೆಯ ಸತ್ತ ಮುದುಕಿ ನನ್ನ ಮೈಮೇಲೆ ಬಂದಳು, ಕ್ಯಾಮರಾ ಓಡುತ್ತಲೇ ಇತ್ತು. ಸಿನಿಮಾದಲ್ಲಿ ಕೇಳುವ ಉಸಿರು ಸತ್ತವಳದ್ದೇ.

"ಸುಳ್ಳು. ನಾನು ನರ್ಸ್. ನಾನು ನಟಿ. ಅದು ಅಭಿನಯ" ಅಂದೆ.

ವೆಲ್ಟಾ ಮೆಲ್ಲಗೆ ನನ್ನ ಕೈ ತಟ್ಟಿದಳು. "ನೀನು ಹೀಗೇ ಹೇಳುತ್ತೀಯ ಅಂತ ಉತ್ಸವದವರು ಮೊದಲೇ ಹೇಳಿದ್ದಾರೆ. ಆಮೇಲೆ ನಿನಗೆ ಏನೂ ನೆನಪಿರುವುದಿಲ್ಲವಂತೆ."

ನಾನು ನನಗೆ ತಿಳಿದದ್ದನ್ನು ಹೇಳಿದೆ. ಕೂತ ಹಾಗೇ ಹೋಗಿದ್ದಾನೆ ಅಂದರೆ ಹೃದಯ ಒಮ್ಮೆಲೇ ನಿಂತಿರಬೇಕು, ಬಹಳ ಹೊತ್ತು ಸಂಕಟಪಟ್ಟಿರುವುದಿಲ್ಲ ಅಂದೆ. ಎಷ್ಟೋ ಜನರ ಮನೆಯವರಿಗೆ ಹೇಳಿದ ಮಾತು, ನಿಜವಾದ ಮಾತು. ಅವಳು ತಲೆಯಾಡಿಸಿದಳು. ಅವಳಿಗೆ ಬೇಕಾಗಿದ್ದು ಅದಾಗಿರಲಿಲ್ಲ.

ಕಾಫಿ ಅಂಗಡಿಯ ಮುಂದೆ

ಪ್ರದೀಪ ಊರಿನ ಕಾಫಿ ಅಂಗಡಿಯ ಹೊರಗೆ ಉತ್ಸವದವರ ಜೊತೆ ನಗುತ್ತ ಕೂತಿದ್ದ. ಅವನನ್ನು ಆಚೆಗೆ ಕರೆದೆ.

"ನಾನ್ಯಾವ್ ಹಟ್ಟೀಲಿ ಇದೀನಪ್ಪ ಪ್ರದೀಪ?"

ಅವನಿಗೆ ತಕ್ಷಣ ಗೊತ್ತಾಯಿತು. "ಸಿಸ್ಟ್ರೇ, ಬೇಜಾರ್ ಮಾಡ್ಕಬ್ಯಾಡಿ. ಇದು ಪಬ್ಲಿಸಿಟಿ. ನರ್ಸಮ್ಮ ಆಕ್ಟ್ ಮಾಡವ್ರೆ ಅಂದ್ರೆ ಯಾರ್ ಕರೀತಿದ್ರು? ಇಲ್ಲಿಗ್ ಬಂದಿರೋ ಪಿಚ್ಚರ್ ಎಲ್ಲಾ ಒಂದೇ ತರ ಕಣ್ರೀ. ನಮ್ದ್ರಲ್ಲಿ ಏನಾರ ಬೇರೆ ಇರ್ಬೇಕಲ್ವಾ?"

"ಬೇರೆ ಇತ್ತು. ನನ್ನ ಆಕ್ಟಿಂಗು ಇತ್ತು."

"ಅದ್ನ ಯಾರು ಇಲ್ಲ ಅಂದ್ರು? ಅಷ್ಟ್ ಚೆನ್ನಾಗಿರೋದ್ಕೇ ಜನ ನಂಬ್ತಾವ್ರೆ." ಆಮೇಲೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಅಂದ, "ಅದೂ ಅಲ್ದೆ, ನಿಮ್ಮೋರಲ್ಲಿ ಮೈಮ್ಯಾಲೆ ಬರೋದು ಎಲ್ಲಾ ಇದ್ದೇ ಐತಲ್ವಾ? ನಾನೇನ್ ಇಲ್ದಿದ್ದು ಹೇಳಿದ್ನಾ?"

ನಿಮ್ಮೋರಲ್ಲಿ. ಎಷ್ಟು ಸಲೀಸಾಗಿ ಬಂತು ಆ ಮಾತು. ತೋಟದ ಮನೆಯಲ್ಲಿ ಅಷ್ಟು ದಿನ ಒಟ್ಟಿಗೆ ಉಂಡಿದ್ದೆವು; ಅವನ ತಾಯಿಯೇ ಬಡಿಸಿದ್ದರು. ಕಾಲ ಬದಲಾಗಿದೆ ಎಂದುಕೊಂಡಿದ್ದೆ.

ನಮ್ಮ ಅಜ್ಜಿಯ ಮೈಮೇಲೆ ಊರ ಮಾರಿ ಬರುತ್ತಾಳೆಂದು ಊರ ದೊಡ್ಡವರು ತೀರ್ಮಾನ ಮಾಡಿದ್ದರು. ಬೇರೆ ದಿನ ಜಗುಲಿ ಹತ್ತಿರ ಬಿಡದವರು ಆ ಒಂದು ದಿನ ಅವಳ ಕಾಲಿಗೆ ಬೀಳುತ್ತಿದ್ದರು. ಈ ಸಲ ಬರಲಿಲ್ಲ ಎಂದರೆ ಬರುವ ತನಕ ಬೇವಿನ ಕೊಂಬೆಯಲ್ಲಿ ಹೊಡೆಯುತ್ತಿದ್ದರು. ಅಜ್ಜಿ ಕೊನೆಗೆ ಬರಿಸಿಕೊಳ್ಳುತ್ತಿದ್ದಳು. ನಮ್ಮ ಅಪ್ಪ ಅದನ್ನು ನೋಡಿಕೊಂಡು ಬೆಳೆದವರು. ಮೇಷ್ಟರಾದ ಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡರು, ಅಜ್ಜಿಯನ್ನು ಹೊಳೆನರಸೀಪುರಕ್ಕೆ ಕರೆತಂದರು. ನನಗೆ ಈ ಹೆಸರು ಇಟ್ಟರು. ಊರಿನವರು ಕರೆಯಲು ಬಂದಾಗ ಬಾಗಿಲಲ್ಲಿ ನಿಂತು, "ಈ ಮನೇಲಿ ಇನ್ಮ್ಯಾಲೆ ಯಾರ ಮೈಮ್ಯಾಲೂ ಯಾರೂ ಬರಲ್ಲ. ನಮ್ ಮೈ ನಮ್ದು" ಅಂದರಂತೆ. ಅಜ್ಜಿ ಸಾಯುವವರೆಗೂ ಆ ಮಾತನ್ನು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು.

ಇದನ್ನೆಲ್ಲ ಪ್ರದೀಪನಿಗೆ ಹೇಳಲಿಲ್ಲ. "ಇವತ್ತು ಸಿನಿಮಾ ಆದ್ಮೇಲೆ ನೀನೇ ನಿಜ ಹೇಳು. ಇಲ್ದಿದ್ರೆ ನಾನ್ ಹೇಳ್ತೀನಿ" ಅಂದೆ.

"ನೋಡಣ ಬಿಡಿ ಸಿಸ್ಟ್ರೇ" ಅಂದ.

ಸಿನಿಮಾ ಹಾಲ್

ಸಂಜೆ ಇನ್ನೂ ಬಿಸಿಲಿತ್ತು. ಆ ದೇಶದಲ್ಲಿ ಬೇಸಿಗೆಯ ಸೂರ್ಯ ಮುಳುಗಲು ಮನಸ್ಸು ಮಾಡುವುದೇ ಇಲ್ಲ. ಹಾಲ್ ಅಂದರೆ ಊರಿನ ಸಮುದಾಯ ಭವನ, ಮರದ ಕುರ್ಚಿಗಳು, ಕಿಟಕಿಗೆ ಕರಿ ಬಟ್ಟೆ. ನಮ್ಮದಕ್ಕೆ ಮೊದಲು ಬೇರೆ ಎರಡು ಸಿನಿಮಾ ಇದ್ದವು. ಒಂದು, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವವನ ಗುಡಿಸಲಿನದು. ಇನ್ನೊಂದು ದೀಪಸ್ತಂಭದ್ದು. ಎರಡರಲ್ಲೂ ಫೋನಿಗೆ ಸಿಗ್ನಲ್ ಇಲ್ಲ. ಎರಡರಲ್ಲೂ ಕೂಗಿದರೆ ಕೇಳುವವರಿಲ್ಲ.

ನೋಡುತ್ತ ಕೂತವಳಿಗೆ ನಾನು ಕೆಲಸ ಮಾಡಿದ ಹಳ್ಳಿಗಳು ನೆನಪಾದವು. ಕೂಗಿದರೆ ಕೇಳದ ಒಂಟಿ ಮನೆಗಳಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ಹೆದರಿಕೆ ಇರುತ್ತಿತ್ತು, ದೆವ್ವದ್ದಲ್ಲ. ಬಸ್ಸು ಹೋಗಿಬಿಟ್ಟಿದೆ, ಆಂಬುಲೆನ್ಸಿಗೆ ದಾರಿ ಗೊತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ. ಆ ಹೆದರಿಕೆಯ ಸಿನಿಮಾ ಯಾರೂ ತೆಗೆಯುವುದಿಲ್ಲ.

ನಮ್ಮ ಸಿನಿಮಾ ಶುರುವಾಯಿತು. ಬೀಗ ಹಾಕಿದ ಕೋಣೆಯಿಂದ ಆ ಉಸಿರು ಬಂದಾಗ ಇಡೀ ಹಾಲ್ ಉಸಿರು ಬಿಗಿಹಿಡಿಯಿತು. ನನ್ನ ಮುಂದಿನ ಸಾಲಿನ ಹುಡುಗಿ ಮುಖ ಮುಚ್ಚಿಕೊಂಡಳು. ಸತ್ಯ ಹೇಳಬೇಕೆಂದರೆ, ಕೋಪದ ನಡುವೆಯೂ ನನಗೆ ಹೆಮ್ಮೆಯಾಯಿತು. ನಾನು ಅಷ್ಟು ಚೆನ್ನಾಗಿ ಮತ್ತೆಂದೂ ಅಭಿನಯಿಸಿಲ್ಲ.

ದೀಪ ಹತ್ತಿದ ಮೇಲೆ ನಮ್ಮಿಬ್ಬರನ್ನೂ ವೇದಿಕೆಗೆ ಕರೆದರು. ಬಿಳಿ ಸೀರೆ ಉಡಲು ನಾನು ಒಪ್ಪಿರಲಿಲ್ಲ, ನನ್ನ ನೀಲಿ ಸೀರೆಯಲ್ಲೇ ಹೋದೆ. ಗಡ್ಡದ ಯುವಕನೊಬ್ಬ ಮೈಕು ಹಿಡಿದಿದ್ದ. ಸಭೆಯಲ್ಲಿ ಒಬ್ಬಳು ಎದ್ದು, ಆತ್ಮ ಒಳಗೆ ಬಂದಾಗ ನಿಮಗೆ ಏನು ಅನ್ನಿಸಿತು ಎಂದು ಕೇಳಿದಳು.

ಪ್ರದೀಪ ನನ್ನ ಕಿವಿಯ ಹತ್ತಿರ ಬಗ್ಗಿದ. "ಏನಾರ ಒಂದ್ ಮಾತು ಅನ್ನಿ ಸಿಸ್ಟ್ರೇ. ಊಟ ಆಯ್ತಾ ಅಂದ್ರೂ ನಡೀತದೆ. ನಾನ್ ಟ್ರಾನ್ಸ್‌ಲೇಟ್ ಮಾಡ್ಕತೀನಿ."

ನಾನು ಮೈಕು ತೆಗೆದುಕೊಂಡು ಇಂಗ್ಲಿಷಿನಲ್ಲಿ ಮಾತಾಡಿದೆ. ನಿಧಾನವಾಗಿ, ಬಿಡಿಸಿ ಹೇಳಿದೆ. ನನ್ನ ಹೆಸರು ಗೌತಮಿ. ನಾನು ನರ್ಸ್. ನರ್ಸಿಂಗ್ ಓದುವಾಗಿನಿಂದ ನಾಟಕ ಆಡಿದ್ದೇನೆ. ನನ್ನ ಮೈಮೇಲೆ ಯಾರೂ ಬಂದಿಲ್ಲ. ನೀವು ಕೇಳಿದ ಉಸಿರು ತಂಬಾಕಿನ ಹೊಗೆಯಲ್ಲಿ ದುಡಿದು ಸತ್ತ ಒಬ್ಬ ಹೆಂಗಸಿನದು. ಅವಳ ಕೈ ಹಿಡಿದು ಕೂತು ಕಲಿತೆ. ಅವಳು ದೆವ್ವವಲ್ಲ, ಕೂಲಿಯವಳು.

ಯಾರೋ ಒಬ್ಬರು ಚಪ್ಪಾಳೆ ಹೊಡೆಯಲು ಶುರುಮಾಡಿದರು.

ಪ್ರದೀಪ ಮೈಕನ್ನು ನನ್ನ ಕೈಯಿಂದ ಬಹಳ ಗೌರವದಿಂದ ತೆಗೆದುಕೊಂಡ. ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ ದನಿ ಇಳಿಸಿ ಇಂಗ್ಲಿಷಿನಲ್ಲಿ ಹೇಳಿದ, "ಚಿತ್ರೀಕರಣದ ಆ ದಿನಕ್ಕೆ ಮೊದಲು ಇವರಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುತ್ತಿರಲಿಲ್ಲ."

ಮುಂದಿನ ಸಾಲಿನ ಹುಡುಗಿಯ ಬಾಯಿ ತೆರೆದೇ ಇತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಮತ್ತೆ ಏನೋ ಹೇಳಿದೆ. ಮೈಕು ನನ್ನ ಹತ್ತಿರ ಇರಲಿಲ್ಲ. ಹೇಳಿದ್ದರೂ ಪ್ರಯೋಜನವಿರಲಿಲ್ಲ, ನಾನು ಆಡುವ ಒಂದೊಂದು ಇಂಗ್ಲಿಷ್ ಪದವೂ ಅವನಿಗೇ ಸಾಕ್ಷಿಯಾಗುತ್ತಿತ್ತು.

ಕೆಳಗೆ ಇಳಿದಾಗ ಜನ ದಾರಿ ಬಿಟ್ಟರು. ಒಬ್ಬ ಮುದುಕ ನನ್ನ ಸೀರೆಯ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿದ.

ಮರಳಿ ವೆಲ್ಟಾಳ ಮನೆ

ಬಹುಮಾನ ನಮ್ಮ ಸಿನಿಮಾಕ್ಕೇ ಬಂತು. ಅದನ್ನು ಕೊಡುವ ಹೊತ್ತಿಗೆ ನಾನು ವೆಲ್ಟಾಳ ಅಡುಗೆ ಕೋಣೆಯಲ್ಲಿದ್ದೆ. ಅವಳು ನನ್ನನ್ನು ಕಾರಿನಲ್ಲಿ ಕರೆತಂದಿದ್ದಳು. ಕಪ್ಪು ಬ್ರೆಡ್ಡು ಕತ್ತರಿಸಿ ನನ್ನ ಮುಂದಿಟ್ಟಳು. ಎದುರು ಕೂತಳು.

"ನಾನು ನಿನ್ನನ್ನು ನಂಬುತ್ತೇನೆ" ಅಂದಳು.

ಆ ದಿನ ನನ್ನನ್ನು ನಂಬಿದವಳು ಅವಳೊಬ್ಬಳೇ. ನನ್ನ ಕಣ್ಣು ತುಂಬಿತು. ಥ್ಯಾಂಕ್ಸ್ ಹೇಳಲು ಹೋದೆ, ಅವಳು ಇನ್ನೂ ಮುಗಿಸಿರಲಿಲ್ಲ.

"ಇಂಗ್ಲಿಷ್ ಎಷ್ಟು ವರ್ಷ ಕಲಿತರೆ ಹೀಗೆ ಬರುತ್ತದೆಂದು ನನಗೆ ಗೊತ್ತು. ನೀನು ನರ್ಸು, ನಟಿ. ಒಪ್ಪಿದೆ. ಆದರೆ ನಟಿಯಾಗಿದ್ದರೆ, ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ನನಗಾಗಿ ಒಂದೇ ಒಂದು ಮಾತು ಅಭಿನಯಿಸಬಹುದಿತ್ತು. ಹೌದು, ಕರೆದ, ಅಂತ. ಅಷ್ಟೇ ತಾನೇ?"

ಅವಳ ಮೇಲೆ ಸಿಟ್ಟು ಬಂತು. ಅವಳ ಗಂಡ ಕಾಡಿನಲ್ಲಿ ಸತ್ತರೆ ಅದಕ್ಕೆ ನಾನು ಯಾಕೆ ಸುಳ್ಳಾಗಬೇಕು? ಹೀಗೆ ಅಂದುಕೊಂಡೆನೇ ಹೊರತು ಅವಳ ಮುಖ ನೋಡಲು ಆಗಲಿಲ್ಲ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳು ನನ್ನನ್ನು ತಬ್ಬಿಕೊಂಡಳು. ಆ ಜನ ಹಾಗೆಲ್ಲ ತಬ್ಬುವವರಲ್ಲ. ನನಗೆ ಮಾತ್ರ ಅದು ಬೀಳ್ಕೊಡುಗೆಗಿಂತ ಕ್ಷಮಿಸಿದ ಹಾಗೆ ಕಂಡಿತು. ಬೇಕಾಗಿರಲಿಲ್ಲ.

ವಿಮಾನದಲ್ಲಿ ಪ್ರದೀಪನ ಪಕ್ಕದ ಸೀಟು. "ಸಿನಿಮಾದಲ್ಲಿ ನನ್ನ ಹೆಸ್ರು ಹಾಕು. ಅಭಿನಯ ಅಂತ ಹಾಕು" ಅಂದೆ.

"ಹೆಸ್ರು ಹಾಕಿದ್ರೆ ಕಥೆನೇ ಬಿದ್ದೋಯ್ತದೆ ಸಿಸ್ಟ್ರೇ. ಮುಂದಿನ ಪಿಚ್ಚರ್‌ಗೆ ಹಾಕಣ" ಅಂದ.

ಬೆಂಗಳೂರಿನವರೆಗೂ ನಾನು ಮತ್ತೆ ಬಾಯಿ ಬಿಡಲಿಲ್ಲ. ಅವನಿಗೂ ಅದೇ ಅನುಕೂಲವಾಯಿತು.

ಹೊಳೆನರಸೀಪುರ

ನನಗಿಂತ ಮುಂಚೆ ವಿಡಿಯೋ ಊರು ತಲುಪಿತ್ತು. ವೇದಿಕೆಯ ಮೇಲೆ ನಾನು ಇಂಗ್ಲಿಷ್ ಮಾತಾಡುವುದು, ಪ್ರದೀಪ ತಲೆ ತಗ್ಗಿಸುವುದು, ಜನ ಎದ್ದು ನಿಲ್ಲುವುದು. ಕೆಳಗೆ ಕನ್ನಡದಲ್ಲಿ ಏನೇನೋ ಬರೆದಿದ್ದರು. ನನ್ನನ್ನು ಇಷ್ಟು ವರ್ಷದಿಂದ ಕಂಡವರು, ನನ್ನ ಕೈಯಲ್ಲೇ ಹೆರಿಗೆಯಾದವರು ನಕ್ಕುಬಿಡುತ್ತಾರೆ ಎಂದುಕೊಂಡೆ. ಕೆಲವರು ನಕ್ಕರು. ಕೆಲವರು ನಗಲಿಲ್ಲ. ಎದುರು ಮನೆಯ ಸೊಸೆ ಮಗುವನ್ನು ಎತ್ತಿಕೊಂಡು ಬರುವುದು ನಿಂತುಹೋಯಿತು.

"ನಮ್ಗೊತ್ತು ಬುಡಿ ಸಿಸ್ಟ್ರೇ, ಆದ್ರೂ ಮನೇವ್ರು ಒಂತರಾ ಅಂತಾರೆ" ಅಂದಳು, ನೆಲ ನೋಡುತ್ತ.

ಆಮೇಲೆ ಊರಾಚೆಯವರು ನಿಂಬೆಹಣ್ಣು ಹಿಡಿದು ಬರತೊಡಗಿದರು. ಬೈದು ಕಳಿಸಿದೆ. ಬೈದಷ್ಟೂ ನಂಬಿದರು.

ಒಂದು ಮಧ್ಯಾಹ್ನ ಅರಕಲಗೂಡು ಕಡೆಯಿಂದ ಒಂದು ಆಟೋ ಬಂತು. ಅತ್ತೆ, ಮಗ, ನಡುವೆ ಹೊದ್ದು ಮುದುರಿದ ಸೊಸೆ. ಹೆರಿಗೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ಹುಡುಗಿ ಏನೇನೋ ಬಡಬಡಿಸುತ್ತಿದ್ದಳು.

"ಬಾಣಂತಿಗೆ ಗಾಳಿ ಮೆಟ್ಕಂಡೈತೆ ಕಣವ್ವ. ನಿಮ್ ವಿಸ್ಯ ಕೇಳಿ ಬಂದೋ. ಒಂದ್ ದಾರ ಕಟ್ಕೊಡಿ" ಅಂದಳು ಅತ್ತೆ.

ನಾನು ಆಟೋದೊಳಗೆ ಬಗ್ಗಿ ಹುಡುಗಿಯ ಹಣೆ, ನಾಡಿ, ಹೊಟ್ಟೆ ಮುಟ್ಟಿದೆ. ಮೈ ಕೆಂಡ, ಕೈಕಾಲು ತಣ್ಣಗೆ, ನಾಡಿ ಓಡುತ್ತಿತ್ತು. ಹೆರಿಗೆಯ ನಂಜು ಮೈಗೆಲ್ಲ ಏರಿತ್ತು. "ಗಾಳಿ ಅಲ್ಲ, ನಂಜು ಇದು. ಈಗ್ಲೇ ಹಾಸನಕ್ಕೆ ಕರ್ಕೊಂಡು ಹೋಗಿ. ಸಾಯಂಕಾಲ ಅಂದ್ರೆ ತಡ ಆಗೋಯ್ತದೆ" ಅಂದೆ.

"ಓಯ್ತೀವಿ. ಮೊದ್ಲು ದಾರ ಕಟ್ಟಿ. ಕಟ್ದೆ ಇದ್ರೆ ಆಸ್ಪತ್ರೇಲಿ ಏನ್ ಮಾಡುದ್ರೂ ನಾಟಲ್ಲ."

"ನಾನು ನರ್ಸು ಕಣವ್ವ. ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ. ನನ್ನ ಮೈಮೇಲೆ ಏನೂ ಬರಲ್ಲ. ಅದೆಲ್ಲ ಸುಳ್ಳು."

ಅತ್ತೆ ಮಗನ ಮುಖ ನೋಡಿದಳು. ಮಗ ಡ್ರೈವರಿಗೆ ಹೇಳಿದ, "ಇವ್ರು ಕಟ್ಟಾಕಿಲ್ವಂತೆ. ನಡೀ, ಇನ್ನೊಬ್ರ ತಾವ್ಕೆ ಓಗನ." ಆ ಇನ್ನೊಬ್ಬರು ಯಾರೆಂದು ಕೇಳಿದೆ. ಹಾಸನಕ್ಕೆ ಪೂರಾ ಉಲ್ಟಾ ದಿಕ್ಕಿನ ಒಂದು ಊರು ಹೇಳಿದ. ಆಟೋ ಸ್ಟಾರ್ಟ್ ಆಯಿತು.

ತಡೆಯಲು ಹೇಳಿ ನಾನು ಒಳಗೆ ಹೋದೆ. ಹೊಲಿಗೆ ಯಂತ್ರದಿಂದ ಕೆಂಪು ನೂಲು ಕಿತ್ತು ತಂದು ನಾಲ್ಕೆಳೆ ಮಾಡಿ ಹೊಸೆದೆ. ಹುಡುಗಿಯ ಮಣಿಕಟ್ಟಿಗೆ ಕಟ್ಟುವಾಗ ನನ್ನ ಕೈ ನಡುಗುತ್ತಿತ್ತು. ಅತ್ತೆ ಅದನ್ನು ನೋಡಿ ಕೈ ಮುಗಿದಳು. ಬೇರೇನೋ ಅಂದುಕೊಂಡಳು.

"ಹಾಸನ ದೊಡ್ಡಾಸ್ಪತ್ರೆ ಬಾಗ್ಲು ದಾಟೋವರ್ಗೂ ಎಲ್ಲೂ ನಿಲ್ಲಂಗಿಲ್ಲ. ಡಾಕ್ಟ್ರು ಮುಟ್ಟಿದ್ ಮ್ಯಾಲೇ ಈ ದಾರ ಕೆಲ್ಸ ಮಾಡದು" ಅಂದೆ. ನಾಟಕದ ದನಿ ಬೇಕೇ ಆಗಲಿಲ್ಲ.

ಅತ್ತೆ, ಮಗ ಇಬ್ಬರೂ ತಲೆ ಬಗ್ಗಿಸಿದರು. ಆಟೋ ಹಾಸನದ ದಾರಿ ಹಿಡಿಯಿತು. ನಾನು ಆಸ್ಪತ್ರೆಯಲ್ಲಿದ್ದ ಪರಿಚಯದವರಿಗೆ ಫೋನ್ ಮಾಡಿ ಹೀಗೊಂದು ಕೇಸು ಬರುತ್ತಿದೆ ಎಂದು ತಿಳಿಸಿ, ಜಗುಲಿಯ ಮೇಲೆ ಕೂತೆ. ಬಹಳ ಹೊತ್ತು ಏಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಆ ಅತ್ತೆಯ ಫೋನ್ ಬಂತು. ಹುಡುಗಿ ಎದ್ದು ಕೂತಿದ್ದಳು, ಮಗುವಿಗೆ ಹಾಲು ಕೊಡುತ್ತಿದ್ದಳು.

"ನಿಮ್ ದಾರದಿಂದ ಉಳ್ಕಂಡ್ಳು ಕಣವ್ವ. ನಮ್ ಕಡೆಯೋರ್ಗೆಲ್ಲ ಏಳಿದೀನಿ, ನಿಮ್ ತಾವ್ಕೇ ಓಗಿ ಅಂತ."

"ಆಸ್ಪತ್ರೇಲಿ ಚೆನ್ನಾಗಿ ನೋಡ್ಕಂಡ್ರಾ?" ಅಂತ ಕೇಳಿದೆ.

"ಊಂ, ಡ್ರಿಪ್ಪು ಆಕುದ್ರು, ಸೂಜಿ ಚುಚ್ಚುದ್ರು. ರಾತ್ರಿಯೆಲ್ಲ ಒಬ್ರು ಪಕ್ಕದಲ್ಲೇ ಕುಂತಿದ್ರು."

"ಯಾರು?"

"ಗೊತ್ತಿಲ್ಲ ಕಣವ್ವ" ಅಂದಳು. "ಯಾರೋ ನರ್ಸು."